ಅಸ್ಥಿರಂಧ್ರತೆಯಲ್ಲಿ ಜೀವನ ಗುಣಮಟ್ಟದ ಮಾಪನ

ಅಸ್ಥಿರಂಧ್ರತೆ ಅಥವಾ ಆಸ್ಟಿಯೊಪೊರೋಸಿಸ್ ಎಂಬುದು ಮೂಳೆಗಳು ಸಾಂದ್ರತೆ ಕಳೆದುಕೊಂಡು ಸುಲಭವಾಗಿ ಮುರಿಯುವ ಸ್ಥಿತಿ. ಡೆಕ್ಸಾ ತಪಾಸಣೆಯಲ್ಲಿ ಟಿ-ಅಂಕ −2.5 ಅಥವಾ ಅದಕ್ಕಿಂತ ಕಡಿಮೆಯಿರುವುದು ವಿಶ್ವ ಆರೋಗ್ಯ ಸಂಸ್ಥೆಯ 1994ರ ಮಾನದಂಡದಂತೆ ಈ ರೋಗದ ಲಕ್ಷಣ. ಆದರೆ ಬೆನ್ನುನೋವು, ಓಡಾಟದ ತೊಂದರೆ, ಬೀಳುವ ಭಯ ಇವು ಆ ಅಂಕದಲ್ಲಿ ಕಾಣುವುದಿಲ್ಲ. ಇವುಗಳನ್ನು ರೋಗಿಯ ಉತ್ತರಗಳಿಂದಲೇ ಅಳೆಯಲು ಪ್ರಶ್ನಾವಳಿಗಳನ್ನು ಬಳಸಲಾಗುತ್ತದೆ.

ಪ್ರಶ್ನಾವಳಿಗಳು

ಇವುಗಳಲ್ಲಿ ಎರಡು ಬಗೆಗಳಿವೆ. ಎಸ್‌ಎಫ್-36, ಇಕ್ಯೂ-5ಡಿ ಮೊದಲಾದವು ಎಲ್ಲ ಕಾಯಿಲೆಗಳಿಗೂ ಅನ್ವಯಿಸುವ ಸಾಮಾನ್ಯ ಮಾಪಕಗಳು. ಬೇರೆ ಬೇರೆ ರೋಗಗಳ ಹೊರೆಯನ್ನು ಹೋಲಿಸಲು ಇವು ನೆರವಾಗುತ್ತವೆ. ಕ್ವಾಲೆಫೊ-41 ಈ ರೋಗಕ್ಕೆಂದೇ ರೂಪಿಸಿದ ಮಾಪಕ. ಬೆನ್ನುಮೂಳೆ ಮುರಿತವಾದವರನ್ನು ಗಮನದಲ್ಲಿಟ್ಟುಕೊಂಡು ಇದನ್ನು 1990ರ ದಶಕದಲ್ಲಿ ಯುರೋಪಿನಲ್ಲಿ ಸಿದ್ಧಪಡಿಸಲಾಯಿತು. ಇದರ 41 ಪ್ರಶ್ನೆಗಳು ನೋವು, ದೈಹಿಕ ಸಾಮರ್ಥ್ಯ, ಸಾಮಾಜಿಕ ಚಟುವಟಿಕೆ, ಒಟ್ಟಾರೆ ಆರೋಗ್ಯದ ಅನಿಸಿಕೆ ಮತ್ತು ಮಾನಸಿಕ ಸ್ಥಿತಿ ಎಂಬ ಐದು ವಿಭಾಗಗಳಲ್ಲಿವೆ.

ಅಂಕಗಳ ಅರ್ಥ

ಕ್ವಾಲೆಫೊ-41 ಮತ್ತು ಎಸ್‌ಎಫ್-36 ಎರಡರಲ್ಲೂ ಅಂಕಗಳು 0ರಿಂದ 100ರವರೆಗೆ ಇರುತ್ತವೆ. ಕ್ವಾಲೆಫೊದಲ್ಲಿ 0 ಅತ್ಯುತ್ತಮ ಸ್ಥಿತಿ, 100 ಅತ್ಯಂತ ಕೆಟ್ಟ ಸ್ಥಿತಿ. ಎಸ್‌ಎಫ್-36ರಲ್ಲಿ ಇದು ತಿರುವುಮುರುವು. ಆದ್ದರಿಂದ ಎರಡರ ಫಲಿತಾಂಶಗಳನ್ನು ನೇರವಾಗಿ ಹೋಲಿಸಲಾಗದು.

ಸ್ಥಳೀಯ ಹೊಂದಾಣಿಕೆ

ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವಾಗ ಅನುವಾದವನ್ನು ಮತ್ತೆ ಮೂಲಭಾಷೆಗೆ ತಿರುಗಿಸಿ ತಾಳೆ ನೋಡುವುದು ರೂಢಿ. ಪದಗಳಷ್ಟೇ ಅಲ್ಲದೆ ದಿನಚರಿಯೂ ಹೊಂದಬೇಕಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ನೆಲದ ಮೇಲೆ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಬಾಗಿ ರಂಗೋಲಿ ಹಾಕುವುದು, ನೀರಿನ ಬಿಂದಿಗೆ ಎತ್ತುವುದು ಸಾಮಾನ್ಯ ಕೆಲಸಗಳು. ಇವುಗಳ ಬಗ್ಗೆ ಕೇಳದಿದ್ದರೆ ಬೆನ್ನುಮೂಳೆ ಮುರಿದವರ ನಿಜವಾದ ಕಷ್ಟ ಅಂಕದಲ್ಲಿ ದಾಖಲಾಗದೆ ಉಳಿಯಬಹುದು.