ಹಲ್ಲಿನ ಅಂಟಿಗೆ ಎಷ್ಟು ಬೆಳಕು ಬೇಕು?

ಹುಳುಕು ತೆಗೆದ ಹಲ್ಲಿಗೆ ಕಾಂಪೋಸಿಟ್ ತುಂಬುವ ಮುನ್ನ ದಂತವೈದ್ಯರು ತೆಳುವಾಗಿ ಅಂಟು ಸವರಿ, ಅದರ ಮೇಲೆ ನೀಲಿ ಬೆಳಕು ಹಿಡಿಯುತ್ತಾರೆ. ತುಂಬಿದ ಹಲ್ಲು ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಆ ತೆಳು ಪದರ ಎಷ್ಟು ಚೆನ್ನಾಗಿ ಗಟ್ಟಿಯಾಯಿತು ಎಂಬುದನ್ನು ಅವಲಂಬಿಸಿದೆ. ಈ ಕ್ಷೇತ್ರದ ಚರಿತ್ರೆಯನ್ನು ಹೊಸ ಅಂಟುಗಳ ಚರಿತ್ರೆಯಾಗಿಯೇ ಹೇಳುವುದು ವಾಡಿಕೆ. 1955ರಲ್ಲಿ ಬ್ಯೂನೊಕೋರ್ ಫಾಸ್ಫಾರಿಕ್ ಆಮ್ಲದಿಂದ ಎನಾಮೆಲನ್ನು ಒರಟಾಗಿಸಿ ರಾಳ ಅಂಟುವಂತೆ ಮಾಡಿದರು. 1982ರಲ್ಲಿ ನಕಬಯಾಶಿ, ರಾಳವು ಡೆಂಟಿನ್ನಿನ ಕೊಲಾಜೆನ್ ಎಳೆಗಳೊಳಗೆ ಇಳಿದು ಮಿಶ್ರಪದರವಾಗುವುದನ್ನು ತೋರಿಸಿದರು. ಆದರೆ ಒಳಗಿಳಿದ ರಾಳ ಅಲ್ಲೇ ಗಟ್ಟಿಯಾಗದಿದ್ದರೆ ಹಿಡಿತ ಬಾರದು. ಆ ಕೆಲಸ ಬೆಳಕಿನದು.

ಬೆಳಕಿನ ಮೂಲಗಳು ಬೇಗ ಬೇಗ ಬದಲಾದವು. 1970ರ ಸುಮಾರಿಗೆ ಬಳಕೆಗೆ ಬಂದ ನೇರಳಾತೀತ ದೀಪಗಳು ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಅಪಾಯಕಾರಿಯಾಗಿದ್ದವು. ಅವುಗಳ ಜಾಗಕ್ಕೆ ಹ್ಯಾಲೊಜೆನ್ ದೀಪವೂ, ಸುಮಾರು 470 ನ್ಯಾನೊಮೀಟರಿನ ನೀಲಿ ಬೆಳಕನ್ನು ಹೀರಿ ಸರಪಳಿ ಕ್ರಿಯೆ ಆರಂಭಿಸುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ಪುಡಿಯೂ ಬಂದವು. ನಂತರ ಬಂದ ಎಲ್‌ಇಡಿ ಬೇಕಾದ ನೀಲಿಯನ್ನಷ್ಟೇ ಕೊಟ್ಟಿತು. ಶಾಖ ವ್ಯರ್ಥವಾಗುವುದು ಕಡಿಮೆಯಾಯಿತು. ಆದರೆ ಹಳದಿ ಛಾಯೆ ಬೇಡವೆಂದು ಕೆಲವು ತಯಾರಕರು ಬೇರೆ ಪ್ರಚೋದಕಗಳನ್ನು ಸೇರಿಸಿದ್ದರು. ಅವು ಹೀರುವುದು ನೇರಳೆ ಬೆಳಕನ್ನು. ಬರಿಯ ನೀಲಿ ಎಲ್‌ಇಡಿಗೆ ಅವು ಸರಿಯಾಗಿ ಸ್ಪಂದಿಸಲಿಲ್ಲ, ಹೀಗಾಗಿ ಎರಡೂ ಬಣ್ಣ ಸೂಸುವ ದೀಪಗಳನ್ನು ತಯಾರಿಸಬೇಕಾಯಿತು. ಪ್ರಖರತೆ ಎಷ್ಟೇ ಇದ್ದರೂ ತರಂಗಾಂತರ ಹೊಂದದಿದ್ದರೆ ಪ್ರಯೋಜನವಿಲ್ಲ ಎಂಬುದು ಇದರಿಂದ ಖಚಿತವಾಯಿತು.

ಆದರೂ ಪ್ರಖರತೆಯ ಸ್ಪರ್ಧೆ ನಿಲ್ಲಲಿಲ್ಲ. ಚದರ ಸೆಂಟಿಮೀಟರಿಗೆ 500 ಮಿಲಿವ್ಯಾಟ್‌ನಂತೆ 20 ಸೆಕೆಂಡು ಕೊಟ್ಟರೂ, 1000ದಂತೆ 10 ಸೆಕೆಂಡು ಕೊಟ್ಟರೂ ಒಟ್ಟು ಶಕ್ತಿ 10 ಜೌಲ್. ಹಾಗಾದರೆ ದೀಪವನ್ನು ಬಲಪಡಿಸಿ ಸಮಯವನ್ನು ಏಕೆ ಇಳಿಸಬಾರದು? ಮೇಲ್ನೋಟಕ್ಕೆ ಒಪ್ಪಬೇಕಾದ ವಾದ. ಆದರೆ ಮುಸಾಂಜೆ ಮತ್ತು ಡಾರ್ವೆಲ್ 2003ರಲ್ಲಿ ಕಾಂಪೋಸಿಟ್‌ಗಳನ್ನು ಪರೀಕ್ಷಿಸಿದಾಗ ಈ ಸಮೀಕರಣ ಸಾರ್ವತ್ರಿಕವಾಗಿ ನಿಲ್ಲಲಿಲ್ಲ. ಒಮ್ಮೆಗೇ ಅತಿ ಹೆಚ್ಚು ಮುಕ್ತ ರ‍್ಯಾಡಿಕಲ್‌ಗಳು ಹುಟ್ಟಿದರೆ ಅವು ಸರಪಳಿ ಬೆಳೆಸುವ ಬದಲು ಪರಸ್ಪರ ಕೂಡಿ ಮುಗಿದುಹೋಗುತ್ತವೆ. ಅಂಟಿನ ಸ್ಥಿತಿ ಇನ್ನೂ ಸೂಕ್ಷ್ಮ: ತೆಳು ಪದರಕ್ಕೆ ಗಾಳಿಯ ಆಮ್ಲಜನಕ ಅಡ್ಡಿ ಮಾಡುತ್ತದೆ, ಆರದೆ ಉಳಿದ ಅಸಿಟೋನ್ ಅಥವಾ ಎಥನಾಲ್ ಜಾಲವನ್ನು ಸಡಿಲಗೊಳಿಸುತ್ತದೆ. ಜೊತೆಗೆ, ದವಡೆ ಹಲ್ಲುಗಳ ಸಂದಿನಲ್ಲಿ ಕೊರೆದ ಕುಳಿಯ ತಳ ದೀಪದ ತುದಿಯಿಂದ ಹಲವು ಮಿಲಿಮೀಟರ್ ದೂರದಲ್ಲಿರುತ್ತದೆ. ಅತಿ ಕಡಿಮೆ ಬೆಳಕು ಸಿಗುವುದು ಅಲ್ಲಿಗೇ. ಮತ್ತೆ ಹುಳುಕು ಹಿಡಿಯುವುದೂ ಹೆಚ್ಚಾಗಿ ಅಲ್ಲೇ.

ಹೆಚ್ಚು ಹೊತ್ತು ಬೆಳಕು ಹಿಡಿದರೆ ಹಲ್ಲಿನ ತಿರುಳು ಕಾಯುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಝಾಕ್ ಮತ್ತು ಕೋಹೆನ್ 1965ರಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ತಿರುಳಿನ ತಾಪ ಸುಮಾರು 5.5 ಡಿಗ್ರಿ ಏರಿದಾಗ ಶೇ. 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಆದರೆ ಇದು ಅತಿಪ್ರಖರ ದೀಪಗಳ ವಿರುದ್ಧವೂ ಅಷ್ಟೇ ಬಲವಾದ ವಾದ. ಮಿತ ಪ್ರಖರತೆಯ ದೀಪ ಬಳಸಿ, ಗಾಳಿ ಹಾಯಿಸಿ, ನಡುವೆ ಬಿಡುವು ಕೊಟ್ಟರೆ ಶಾಖವನ್ನು ಹತೋಟಿಯಲ್ಲಿಡಬಹುದು. ಪ್ರಯೋಗಾಲಯದ ಹಿಡಿತದ ಅಂಕಿ ಬಾಯಿಯೊಳಗಿನ ಬಾಳಿಕೆಯನ್ನು ಹೇಳದು ಎಂಬ ಮಾತೂ ನಿಜವೇ. ನೀರು, ಕಿಣ್ವಗಳು ವರ್ಷಗಟ್ಟಲೆ ಬೆಸುಗೆಯನ್ನು ತಿನ್ನುತ್ತವೆ. ಆದರೆ ಅರೆಗಟ್ಟಿ ರಾಳವೇ ನೀರನ್ನು ಹೆಚ್ಚು ಒಳಬಿಡುತ್ತದೆ. ಕದೆನಾರೊ ಮತ್ತು ಸಂಗಡಿಗರು 2005ರಲ್ಲಿ, ಬೆಳಕಿನ ಅವಧಿ ಹೆಚ್ಚಿಸಿದರೆ ಅಂಟು ಹೆಚ್ಚು ಗಟ್ಟಿಯಾಗಿ ನೀರಿನ ಸೋರಿಕೆ ತಗ್ಗುತ್ತದೆ ಎಂದು ಕಂಡರು. ಆದ್ದರಿಂದ ಮೂರು ಸೆಕೆಂಡಿನ ಭರವಸೆ ಕೊಡುವ ಜಾಹೀರಾತುಗಳನ್ನು ದಂತವೈದ್ಯರು ನಂಬಬಾರದು. ತಯಾರಕರು ಸೂಚಿಸಿದ ಅವಧಿಯನ್ನು ಕನಿಷ್ಠವೆಂದೇ ಎಣಿಸಿ, ಆಳದ ಕುಳಿಗಳಲ್ಲಿ ಅದಕ್ಕೂ ಹೆಚ್ಚು ಹೊತ್ತು ಬೆಳಕು ಕೊಡಬೇಕು. ದೀಪದ ಶಕ್ತಿಯನ್ನು ನಿಯಮಿತವಾಗಿ ಅಳೆಯಬೇಕು.