ಅಸಲಿಯೋ ನಕಲಿಯೋ: ಕೋಲಾರ ಸೀಮೆಯ ತಾಮ್ರಪಟಗಳ ಕಥೆ

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೋ ಕೋಲಾರದ ಬಳಿಯ ನರಸಾಪುರದಲ್ಲೋ ಕೆಲಸ ಹುಡುಕುವ ಡಿಪ್ಲೊಮಾ ಮುಗಿಸಿದ ಹುಡುಗ ಈಗ ಬರಿಯ ಅರ್ಜಿ ಹಾಕಿ ಸುಮ್ಮನಿರುವುದಿಲ್ಲ. ಲಿಂಕ್ಡ್‌ಇನ್ ಎಂಬ ಉದ್ಯೋಗಸ್ಥರ ಜಾಲತಾಣದಲ್ಲೂ ತನ್ನ ಹೆಸರು, ಓದು, ಅನುಭವಗಳನ್ನು ಬರೆದಿಡುತ್ತಾನೆ. ಬರೆದವನು ನಿಜವಾಗಿ ಅವನೇ ಎಂದು ನಂಬುವುದು ಹೇಗೆ? 2023ರಲ್ಲಿ ಭಾರತದ ಬಳಕೆದಾರರಿಗೆ ಆಧಾರ್ ಮೂಲಕ ಗುರುತು ದೃಢಪಡಿಸಿಕೊಳ್ಳುವ ಸೌಲಭ್ಯ ಅಲ್ಲಿ ಬಂತು. ದೃಢಪಟ್ಟರೆ ಹೆಸರಿನ ಪಕ್ಕದಲ್ಲಿ ಒಂದು ಚಿಕ್ಕ ಚಿಹ್ನೆ ಮೂಡುತ್ತದೆ. ಆದರೆ ಆ ಚಿಹ್ನೆ ಹೆಸರಿಗೆ ಮಾತ್ರ ಜಾಮೀನು. ಐದು ವರ್ಷ ಮೇಲ್ವಿಚಾರಕನಾಗಿದ್ದೆ ಎಂದು ಆತ ಬರೆದುಕೊಂಡಿದ್ದರೆ ಅದಕ್ಕೆ ಅದು ಹೊಣೆಯಲ್ಲ.

ಈ ತೊಡಕು ಹೊಸದಲ್ಲ. ಇದೇ ಸೀಮೆಯಲ್ಲಿ ಸಿಕ್ಕ ಕೆಲವು ತಾಮ್ರಪಟಗಳ ಬಗ್ಗೆ ಇಂಥದೇ ಪ್ರಶ್ನೆ ಎದ್ದು ಇಬ್ಬರು ದೊಡ್ಡ ವಿದ್ವಾಂಸರು ವರ್ಷಗಟ್ಟಲೆ ವಾದ ಮಾಡಿದ್ದರು. ಪಣಕ್ಕಿದ್ದುದು ಸಣ್ಣ ಸಂಗತಿಯಲ್ಲ. ಕೋಲಾರವನ್ನು ಮೊದಲ ರಾಜಧಾನಿ ಮಾಡಿಕೊಂಡಿದ್ದರೆನ್ನಲಾದ ಗಂಗರು ನಾಲ್ಕು, ಐದನೆಯ ಶತಮಾನಗಳಲ್ಲಿ ನಿಜವಾಗಿಯೂ ಇದ್ದರೇ, ಅಥವಾ ಅವರ ಆರಂಭದ ಅರಸರೆಲ್ಲ ಖೋಟಾ ದಾಖಲೆಗಳಲ್ಲಿ ಹುಟ್ಟಿದವರೇ ಎಂಬುದೇ ಪ್ರಶ್ನೆ.

ತಾಮ್ರಪಟ ಎಂದರೆ ಅರಸನು ಭೂಮಿಯನ್ನೋ ಊರನ್ನೋ ದಾನ ಕೊಟ್ಟಾಗ ಬರೆಯಿಸಿ ಕೊಡುತ್ತಿದ್ದ ಹಕ್ಕುಪತ್ರ. ಮೂರು, ಐದು ಅಥವಾ ಅದಕ್ಕಿಂತ ಹೆಚ್ಚು ತಗಡುಗಳು; ಅಕ್ಷರ ಸವೆಯದಂತೆ ಅಂಚನ್ನು ತುಸು ಎತ್ತರಿಸಿರುತ್ತಾರೆ. ಮೊದಲ ಮತ್ತು ಕೊನೆಯ ತಗಡುಗಳ ಹೊರಮೈ ಸಾಮಾನ್ಯವಾಗಿ ಖಾಲಿ. ಎಲ್ಲ ತಗಡುಗಳಿಗೂ ಒಂದೊಂದು ತೂತು ಕೊರೆದು ತಾಮ್ರದ ಬಳೆಯೊಂದನ್ನು ತೂರಿಸಿ, ಬಳೆಯ ಎರಡು ತುದಿಗಳನ್ನು ಒಂದು ಮುದ್ರೆಯಲ್ಲಿ ಬೆಸೆದುಬಿಡುತ್ತಿದ್ದರು. ಬಳೆ ಕತ್ತರಿಸದೆ ಒಂದು ತಗಡನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಮುದ್ರೆಯ ಮೇಲೆ ವಂಶದ ಲಾಂಛನ: ಬಾದಾಮಿ ಚಾಲುಕ್ಯರದು ವರಾಹ, ಕದಂಬರದು ಸಿಂಹ, ಚೋಳರದು ಹುಲಿ, ಗಂಗರದು ಆನೆ. ಇಂದಿಗೂ ಶಾಸನತಜ್ಞರ ಕೈಗೆ ಹೊಸ ತಾಮ್ರಪಟ ಬಂದರೆ ವರದಿಯಲ್ಲಿ ಮೊದಲು ಬರೆಯುವ ಸಂಗತಿಗಳಲ್ಲಿ ಒಂದು, ಬಳೆ ತಮ್ಮ ಕೈಗೆ ಬರುವ ಮುನ್ನವೇ ಕತ್ತರಿಸಿತ್ತೇ ಇಲ್ಲವೇ ಎಂಬುದು.

ಇಂಥ ಪತ್ರದಲ್ಲಿ ಏನಿರಬೇಕೆಂದು ಯಾಜ್ಞವಲ್ಕ್ಯಸ್ಮೃತಿ ನಿಯಮ ಹೇಳಿದೆ: ದಾನಿಯ ಪೂರ್ವಿಕರ ಹೆಸರು, ತನ್ನ ಹೆಸರು, ದಾನದ ಅಳತೆ, ಎಲ್ಲೆ, ಕಾಲ, ರುಜು, ಮುದ್ರೆ. ನಿಯಮ ಇಷ್ಟು ಕಟ್ಟುನಿಟ್ಟಾಗಿದ್ದರೆ ಅದನ್ನು ಮುರಿಯುವವರೂ ಇದ್ದರೆಂದೇ ಅರ್ಥ. ರಾಜಶಾಸನವನ್ನು ಖೋಟಾ ಮಾಡಿದವನಿಗೆ ಮನುಸ್ಮೃತಿ ಮರಣದಂಡನೆ ವಿಧಿಸುತ್ತದೆ. ಉತ್ತರ ಭಾರತದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ, ಅಂದರೆ ಸುಮಾರು ಕ್ರಿ.ಶ. 631ರಲ್ಲಿ, ವಾಮರಥ್ಯನೆಂಬ ಬ್ರಾಹ್ಮಣನು ಸೋಮಕುಂಡಿಕೆ ಎಂಬ ಊರನ್ನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದುದು ತಿಳಿದು, ಅರಸನು ಆ ಪಟವನ್ನು ಮುರಿಸಿ ಊರನ್ನು ಬೇರೆಯವರಿಗೆ ಕೊಟ್ಟ ಸಂಗತಿಯೇ ದಾಖಲಾಗಿದೆ. ಒಂದು ತಾಮ್ರಪಟ ಇನ್ನೊಂದನ್ನು ಸುಳ್ಳೆಂದು ಸಾರುವ ಸ್ವಾರಸ್ಯದ ಪ್ರಸಂಗ ಇದು.

ಎಲ್ಲ ಕೂಟಶಾಸನವನ್ನೂ ದುರಾಸೆಯ ಕೆಲಸವೆಂದು ತಳ್ಳಿಹಾಕುವಂತೆಯೂ ಇಲ್ಲ. ಮೂಲ ಪಟ ಬೆಂಕಿಗೆ ಹೋಗಿರಬಹುದು, ಕಳುವಾಗಿರಬಹುದು. ಭೂಮಿ ತಲೆತಲಾಂತರದಿಂದ ತಮ್ಮದೇ ಆಗಿದ್ದು, ಹೊಸ ಅರಸನ ಅಧಿಕಾರಿ ಬಂದು ದಾಖಲೆ ಎಲ್ಲಿ ಎಂದು ಕೇಳಿದಾಗ ನೆನಪಿನಿಂದ ಹೊಸದೊಂದನ್ನು ಬರೆಯಿಸಿದವರೂ ಇದ್ದಿರಬೇಕು. 1860ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಇನಾಂ ಭೂಮಿಗಳ ವಿಚಾರಣೆ ಶುರುವಾದಾಗಲೂ ಇನಾಂದಾರರಿಗೆ ಎದುರಾದುದು ಇದೇ ಪ್ರಶ್ನೆ: ಸನ್ನದು ಎಲ್ಲಿ?

ಈಗ ಆ ಇಬ್ಬರು ವಿದ್ವಾಂಸರ ವಿಷಯ. ಬಿ. ಎಲ್. ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಪ್ರಕಟಿಸಿದರು. ಕೋಲಾರ ಜಿಲ್ಲೆಯ ಹತ್ತನೆಯ ಸಂಪುಟ ಹೊರಬಂದುದು 1905ರಲ್ಲಿ. ಇನ್ನೊಬ್ಬರು ಜೆ. ಎಫ್. ಫ್ಲೀಟ್; ಮುಂಬಯಿ ಪ್ರಾಂತದ ಅಧಿಕಾರಿ, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವರೂ ಇವರೇ. ರೈಸ್ ಅವರಿಗೆ ದೊರೆತ ಗಂಗರ ತಾಮ್ರಪಟಗಳಲ್ಲಿ ವಂಶಾವಳಿ ಸೊಗಸಾಗಿ ಕೂಡಿಬರುತ್ತಿತ್ತು. ಅವುಗಳನ್ನು ನಂಬಿ ಅವರು ಗಂಗರ ಇತಿಹಾಸ ಕಟ್ಟಿದರು. ಫ್ಲೀಟ್ ಅವರಿಗೆ ಆ ಸೊಗಸೇ ಅನುಮಾನ ತಂದಿತು. 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅವರು ಭಾರತದ ಖೋಟಾ ಶಾಸನಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಅದರಲ್ಲಿ ಗಂಗರ ಪಟಗಳಿಗೆ ಧಾರಾಳವಾಗಿ ಜಾಗ ಸಿಕ್ಕಿತ್ತು.

ಫ್ಲೀಟ್ ಅವರ ಪರೀಕ್ಷೆಗಳಲ್ಲಿ ಒಂದು ಬಹಳ ಚತುರವಾದುದು. ಕನ್ನಡ ಲಿಪಿಯ ಖ, ಙ, ಜ, ಬ, ಲ ಅಕ್ಷರಗಳು ಹಳೆಯ ಕಾಲದಲ್ಲಿ ಚೌಕಾಕಾರವಾಗಿದ್ದು, ಸುಮಾರು ಎಂಟು-ಒಂಬತ್ತನೆಯ ಶತಮಾನದ ಹೊತ್ತಿಗೆ ಗುಂಡಗೆ ಬಳುಕಿದವು. ಖೋಟಾ ಮಾಡುವವನು ಹಳೆಯ ಪಟವೊಂದನ್ನು ಎದುರಿಗಿಟ್ಟುಕೊಂಡು ಎಚ್ಚರದಿಂದ ಹಳೆಯ ಅಕ್ಷರ ಕೊರೆಯುತ್ತಾನೆ; ಆದರೆ ನಾಲ್ಕು ಸಾಲು ಕಳೆಯುವಷ್ಟರಲ್ಲಿ ಕೈ ತನ್ನ ರೂಢಿಗೆ ಜಾರಿ ಎಲ್ಲೋ ಒಂದು ಕಡೆ ಗುಂಡನೆಯ ‘ಲ’ ಬಂದುಬಿಡುತ್ತದೆ. ಇನ್ನೊಂದು ಪರೀಕ್ಷೆ ಪಂಚಾಂಗದ್ದು. ಪಟದಲ್ಲಿ ಹೇಳಿದ ತಿಥಿ, ವಾರ, ನಕ್ಷತ್ರಗಳನ್ನು ಲೆಕ್ಕ ಹಾಕಿ ನೋಡಿದರೆ ಆ ದಿನ ಆ ವಾರವೇ ಬರುವುದಿಲ್ಲ. ತಂಜಾವೂರಿನಲ್ಲಿ ಸಿಕ್ಕ ಗಂಗ ಹರಿವರ್ಮನ ಪಟ ಶಕ 169, ಅಂದರೆ ಕ್ರಿ.ಶ. 247 ಎಂದು ಹೇಳಿಕೊಳ್ಳುತ್ತದೆ. ಅದನ್ನು ಇಂದು ಯಾರೂ ಅಸಲಿ ಎನ್ನುವುದಿಲ್ಲ.

ಮುಳಬಾಗಿಲು ತಾಲ್ಲೂಕಿನ ಮುದಿಯನೂರಿನ ಪಟವೂ ಫ್ಲೀಟ್ ಅವರ ಕೈಯಲ್ಲಿ ನಪಾಸಾಯಿತು. ಬಾಣವಂಶದ ಮಲ್ಲದೇವ ನಂದಿವರ್ಮನದೆನ್ನುವ ಈ ಪಟದ ಕಾಲ ಶಕ 261, ಕ್ರಿ.ಶ. 338. ಅರಸನು ದಾನ ಕೊಟ್ಟುದು ಅವನ್ಯಪುರದಿಂದ, ಎಂದರೆ ಇಂದಿನ ಆವನಿಯಿಂದ. ಕರ್ನಾಟಕದಲ್ಲಿ ಶಕವರ್ಷ ನಮೂದಾದ ನಂಬಲರ್ಹ ಶಾಸನಗಳಲ್ಲಿ ಬಹಳ ಹಳೆಯದು ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯದು. ಅದು ಶಕ 465, ಕ್ರಿ.ಶ. 543. ಅದಕ್ಕೂ ಇನ್ನೂರು ವರ್ಷ ಹಿಂದಿನದೆನ್ನುವ ಪಟವನ್ನು ನಂಬಬೇಕಾದರೆ ಗಟ್ಟಿ ಆಸರೆ ಬೇಕು. ಮುದಿಯನೂರಿಗೆ ಆ ಆಸರೆ ಸಿಗಲಿಲ್ಲ.

ಆದರೆ ಫ್ಲೀಟ್ ಅವರ ಸಂದೇಹ ಅತಿಯಾಯಿತೆಂದೇ ಹೇಳಬೇಕು. ಕೆಲವು ಪಟಗಳು ಖೋಟಾ ಎಂದು ಸಿದ್ಧವಾದ ಮಾತ್ರಕ್ಕೆ ಅವುಗಳಲ್ಲಿ ಬರುವ ಅರಸರೆಲ್ಲ ಸುಳ್ಳಾಗುವುದಿಲ್ಲ. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ಹಾಳುಬಿದ್ದ ಜೈನ ಬಸದಿಯ ನೆಲದಲ್ಲಿ ಎರಡು ಪಟಗಳು ದೊರೆತವು. ಒಂದು ಮಾಧವನದು, ಇನ್ನೊಂದು ಅವನ ಮಗ ಅವಿನೀತನದು. ಎರಡೂ ಜಿನಾಲಯಗಳಿಗೆ ಕೊಟ್ಟ ದಾನಗಳು. ಮನೆಯ ಪೆಟ್ಟಿಗೆಯಿಂದ ಹೊರಬಂದ ಪಟಕ್ಕೂ ಬಸದಿಯ ಮಣ್ಣಿನಡಿ ಹೂತಿದ್ದ ಪಟಕ್ಕೂ ವ್ಯತ್ಯಾಸ ಇದ್ದೇ ಇದೆ. ಯಾವ ವ್ಯಾಜ್ಯಕ್ಕೂ ಹಾಜರಾಗದೆ ಶತಮಾನಗಳ ಕಾಲ ಮಲಗಿದ್ದ ಸಾಕ್ಷಿ ಅದು.

ಕೊನೆಗೆ ವಾದ ತಿರುಗಿದುದು ಗಡಿಯಾಚೆಯ ಪೆನುಕೊಂಡದಲ್ಲಿ. ಅಲ್ಲಿ ಸಿಕ್ಕ ಮಾಧವನ ತಾಮ್ರಪಟದಲ್ಲಿ, ಅವನ ತಂದೆಗೆ ಪಲ್ಲವ ಸಿಂಹವರ್ಮನೂ ಅವನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟ ಕಟ್ಟಿದರೆಂದಿತ್ತು. ಅಕ್ಷರಗಳು ಹಳೆಯ ಕಾಲದವೇ. ಹಾಗಾದರೆ ಸಿಂಹವರ್ಮನ ಕಾಲ ಯಾವುದು? ಉತ್ತರ ಬಂದುದು ಯಾರೂ ನೆನೆಸದ ಕಡೆಯಿಂದ: ‘ಲೋಕವಿಭಾಗ’ ಎಂಬ ಜೈನ ಗ್ರಂಥದಿಂದ. ಲೋಕದ ರಚನೆಯನ್ನು ವಿವರಿಸುವ ಆ ಗ್ರಂಥದ ಕೊನೆಯಲ್ಲಿ, ಕಂಚಿಯ ಸಿಂಹವರ್ಮನ ಇಪ್ಪತ್ತೆರಡನೆಯ ವರ್ಷ ಶಕ 380 ಎಂದು ಹೇಳಿದೆ. ಅದು ಕ್ರಿ.ಶ. 458. ಗಂಗರ ದಾನಕ್ಕೂ ಈ ಗ್ರಂಥಕ್ಕೂ ಯಾವ ಸಂಬಂಧವೂ ಇಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಸುಳ್ಳು ಹೇಳುವ ಕಾರಣವಿಲ್ಲ. 1915ರಲ್ಲಿ ಫ್ಲೀಟ್ ಅವರು ಪೆನುಕೊಂಡದ ಪಟ ಅಸಲಿ ಎಂದು ಒಪ್ಪಿ ಬರೆದರು. ಎರಡು ವರ್ಷಗಳ ಬಳಿಕ ತೀರಿಕೊಂಡರು. ಜೀವಮಾನವಿಡೀ ಹಿಡಿದ ವಾದವನ್ನು ಅರುವತ್ತೆಂಟರ ವಯಸ್ಸಿನಲ್ಲಿ ಸಡಿಲಿಸುವುದು ಎಲ್ಲ ವಿದ್ವಾಂಸರಿಂದಲೂ ಆಗುವ ಕೆಲಸವಲ್ಲ.

ಶ್ರೀನಿವಾಸಪುರ ತಾಲ್ಲೂಕಿನ ಗುಮ್ಮರೆಡ್ಡಿಪುರದ ಪಟ ಕನ್ನಡ ಸಾಹಿತ್ಯದ ಓದುಗರಿಗೆ ಹತ್ತಿರದ್ದು. ಅವಿನೀತನ ಮಗ ದುರ್ವಿನೀತನು ತನ್ನ ನಲವತ್ತನೆಯ ಆಳ್ವಿಕೆಯ ವರ್ಷದಲ್ಲಿ ಕೊಟ್ಟ ಇದನ್ನು ಮೈಸೂರು ಪುರಾತತ್ವ ಇಲಾಖೆಯ 1912ರ ವರದಿಯಲ್ಲಿ ಆರ್. ನರಸಿಂಹಾಚಾರ್ಯರು ಪ್ರಕಟಿಸಿದರು. ಗೆದ್ದ ಯುದ್ಧಗಳ ಜೊತೆಗೆ ಅರಸನ ಪಾಂಡಿತ್ಯವನ್ನೂ ಅದು ಹೇಳುತ್ತದೆ: ಶಬ್ದಾವತಾರವೆಂಬ ವ್ಯಾಕರಣ ಬರೆದವನು, ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದವನು, ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆ ಮಾಡಿದವನು. ಆ ಸರ್ಗವೆಂದರೆ ಚಿತ್ರಕವಿತ್ವದ ಕಗ್ಗಾಡು. ‘ನ’ಕಾರವೊಂದರಿಂದಲೇ ಕಟ್ಟಿದ ಶ್ಲೋಕ ಇರುವುದು ಅದರಲ್ಲೇ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಅರಸನ ಬಯೋಡೇಟಾ. ಆನೆಯ ಮುದ್ರೆ ಅದನ್ನು ಕೊಟ್ಟವನು ಯಾರೆಂದು ಹೇಳಬಲ್ಲದೇ ಹೊರತು ಟೀಕೆಯನ್ನು ಅವನೇ ಬರೆದನೆಂದು ಹೇಳಲಾರದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹಳೆಯ ಕನ್ನಡ ಗದ್ಯಕಾರರಲ್ಲಿ ದುರ್ವಿನೀತ ಎಂಬ ಹೆಸರನ್ನು ಎತ್ತುತ್ತದೆ. ಆದರೆ ಅವನು ಗಂಗರ ಅರಸನೆಂದು ಎಲ್ಲೂ ಹೇಳುವುದಿಲ್ಲ. ಇಬ್ಬರೂ ಒಬ್ಬನೇ ಎಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಅದು ಒಳ್ಳೆಯ ಊಹೆ, ಅಷ್ಟೆ.

ಹೆಸರಿನ ಹಿಂದೆ ಊರನ್ನು ಹೊತ್ತು ತಿರುಗುವುದೂ ಹಳೆಯ ಪದ್ಧತಿಯೇ. ಗಂಗರು ರಾಜಧಾನಿಯನ್ನು ತಲಕಾಡಿಗೆ ಒಯ್ದು ಎಷ್ಟೋ ಕಾಲವಾದ ಮೇಲೂ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಕುವಳಾಲಪುರ ಎಂದರೆ ಕೋಲಾರ. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದರು, ಗಂಗರಾಜ್ಯ ಅಳಿಯಿತು, ಬಿರುದು ಅಳಿಯಲಿಲ್ಲ. ಎರಡು ಶತಮಾನ ಕಳೆದ ಮೇಲೂ ಚೋಳ ಮೂರನೆಯ ಕುಲೋತ್ತುಂಗನ ಸಾಮಂತ ಸೀಯಗಂಗ, ತಮಿಳಿನ ‘ನನ್ನೂಲ್’ ವ್ಯಾಕರಣಕ್ಕೆ ಆಶ್ರಯ ಕೊಟ್ಟವನು, ತಮಿಳು ನಾಡಿನಲ್ಲಿ ಕೂತು ತನ್ನನ್ನು ಕುವಳಾಲಪುರದ ಒಡೆಯನೆಂದೇ ಕರೆಸಿಕೊಳ್ಳುತ್ತಿದ್ದ. ಅದು ಸುಳ್ಳಲ್ಲ, ಕುಲದ ಗುರುತು. ಬನವಾಸಿಯನ್ನು ಆಳದ ಗೋವೆಯ ಕದಂಬರೂ ಬನವಾಸಿಪುರದ ಒಡೆಯರೆನ್ನಿಸಿಕೊಂಡಿದ್ದರು. ಓದುವವನಿಗೆ ಈ ರೂಢಿ ತಿಳಿದಿರಬೇಕು, ಅಷ್ಟೇ.

ಇನ್ನು ಮುದಿಯನೂರಿನ ಪಟ. ಅದರ ಶಕವರ್ಷವನ್ನು ಈಗ ನಂಬುವವರು ಕಡಿಮೆ. ಆದರೂ ರೈಸ್ ಅವರ ಹತ್ತನೆಯ ಸಂಪುಟದಲ್ಲಿ ಮುಳಬಾಗಿಲು ತಾಲ್ಲೂಕಿನ 157ನೆಯ ಶಾಸನವಾಗಿ ಅದು ಇಂದಿಗೂ ಇದೆ. ಕಾಲವನ್ನು ಹಿಂದಕ್ಕೆ ತಳ್ಳಿದವನು ಊರಿನ ಹೆಸರನ್ನೂ ದಾನ ಕೊಟ್ಟ ಜಾಗವನ್ನೂ ಬದಲಿಸುವಂತಿರಲಿಲ್ಲ. ಶಕವರ್ಷ ಲೆಕ್ಕ ಹಾಕುವವರು ಅಕ್ಕಪಕ್ಕದಲ್ಲಿ ಇರದಿರಬಹುದು, ಆದರೆ ಪಕ್ಕದ ಹೊಲದವನಿಗೆ ಎಲ್ಲೆ ಗೊತ್ತಿರುತ್ತದೆ. ಆವನಿಯೂ ಮುದಿಯನೂರೂ ಅದೇ ಹೆಸರಿನಲ್ಲಿ ಮುಳಬಾಗಿಲು ತಾಲ್ಲೂಕಿನಲ್ಲಿವೆ.