ಪಣವಿಲ್ಲದ ಪೋಕರ್
ದುಡ್ಡು ಕಟ್ಟದೆ, ಬರೀ ಬಿಲ್ಲೆಗಳನ್ನು ಒಡ್ಡಿ ಆಡುವ ಇಸ್ಪೀಟಾಟ. ಹೆಚ್ಚು ರೂಢಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ. ಈ ಏಳರಲ್ಲಿ ಐದರ ಅತ್ಯುತ್ತಮ ಜೋಡಣೆಗೆ ಗೆಲುವು. ಎಲೆ ಸಪ್ಪೆಯಾಗಿದ್ದರೂ ಮುಖದಲ್ಲಿ ತೋರಗೊಡದೆ ಎದುರಾಳಿಯನ್ನು ಹೆದರಿಸಿ ಗೆಲ್ಲಬಹುದು. ಆಟದ ರುಚಿಯೆಲ್ಲ ಅಲ್ಲೇ. ಅಮೆರಿಕದ ಬಾರು, ಹೋಟೆಲುಗಳಲ್ಲಿ ಗಿರಾಕಿಗಳನ್ನು ಸೆಳೆಯಲು ಇದರ ಲೀಗುಗಳು ನಡೆಯುತ್ತವೆ.

ಆದರೆ ಕರ್ನಾಟಕದ ಸರಗೂರು, ಎಚ್.ಡಿ. ಕೋಟೆ ಕಡೆ ಇಸ್ಪೀಟೆಂದರೆ ರಮ್ಮಿ, ಇಲ್ಲವೇ ಅಂದರ್ ಬಾಹರ್. ಎರಡನೆಯದು ಶುದ್ಧ ಅದೃಷ್ಟದಾಟ. ಪಣ ಕಟ್ಟಿ ಆಡಿಸುವ ಅಡ್ಡೆಗಳ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರಡಿ ದಾಳಿ ನಡೆಯುತ್ತದೆ. ಅದೇ ಕಾಯ್ದೆಯ 176ನೇ ಕಲಂ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿದೆ. ಕೌಶಲದಾಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಡವೆಂದು ಹೈಕೋರ್ಟ್ 2013ರಲ್ಲಿ ಹೇಳಿತು.